ತಳ ಹತ್ತುವ ಮೊದಲು, ತಳ ಹತ್ತಿದ ಮೇಲೆ: ಮೇಪಲ್ ರಸ ಕಾಯಿಸುವವರಿಗೆ ಕೆಲವು ಮಾತು

ಮೇಪಲ್ ಮರದ ರಸವನ್ನು ಸಿರಪ್ ಆಗುವವರೆಗೆ ಕಾಯಿಸುವ ಪ್ಯಾನಿನ ತಳ ಹತ್ತಿತೆಂದು ಯಾರಾದರೂ ಹೇಳಿದ ಕೂಡಲೇ ‘ಉರಿ ಜಾಸ್ತಿಯಾಗಿರಬೇಕು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರಸ ಕಾಯಿಸುವ ಯಾವುದೇ ಶುಗರ್‌ಹೌಸ್‌ಗೆ ಮಾರ್ಚ್ ತಿಂಗಳಿನಲ್ಲಿ ಹೋಗಿ ನೋಡಿದರೆ, ಅಲ್ಲಿ ಉರಿಯನ್ನು ಯಾರೂ ತಗ್ಗಿಸಿ ಕಾಯಿಸುವುದಿಲ್ಲ. ಒಲೆಯ ಬಾಗಿಲು ಕೆಂಪಗೆ ಕಾಯುವಷ್ಟು ಸೌದೆ ತುಂಬಿ, ರಸ ಅಬ್ಬರಿಸಿ ಕುದಿಯುವಂತೆ ನೋಡಿಕೊಳ್ಳುತ್ತಾರೆ. ಹಾಗಿದ್ದೂ ಬಹುತೇಕ ದಿನಗಳಲ್ಲಿ ಪ್ಯಾನಿಗೆ ಏನೂ ಆಗುವುದಿಲ್ಲ. ಲೋಹದ ತಳಕ್ಕೆ ತಾಗಿಕೊಂಡು ತೆಳುವಾದ ದ್ರವ ಕುದಿಯುತ್ತಿರುವವರೆಗೆ, ಕೆಳಗಿನ ಬೆಂಕಿ ಎಷ್ಟೇ ಜೋರಾಗಿರಲಿ, ಆ ಶಾಖವನ್ನು ಆವಿ ಹೊತ್ತುಕೊಂಡು ಹೋಗುತ್ತದೆ. ದ್ರವಕ್ಕೂ ಲೋಹಕ್ಕೂ ನಡುವಿನ ಆ ಸಂಪರ್ಕ ತಪ್ಪಿದ ಜಾಗದಲ್ಲಿ ಮಾತ್ರ ಪ್ಯಾನ್ ಸೀಯುತ್ತದೆ. ನಾನು ಈ ಹೊತ್ತು ಹೇಳಬೇಕೆಂದಿರುವುದೆಲ್ಲ ಆ ಸಂಪರ್ಕ ಎಲ್ಲೆಲ್ಲಿ, ಹೇಗೆ ಹೇಗೆ ತಪ್ಪುತ್ತದೆ ಎಂಬುದನ್ನು ಕುರಿತದ್ದೇ.

ಈ ತತ್ತ್ವ ಇಲ್ಲಿನ ಮೂಲನಿವಾಸಿಗಳ ಪಾತ್ರೆಗಳಲ್ಲೇ ಇದೆ. ಈಶಾನ್ಯ ಅಮೆರಿಕದ ಅಬೆನಾಕಿ, ಅನಿಶಿನಾಬೆ ಮುಂತಾದ ಜನರು ಯುರೋಪಿನ ಲೋಹದ ಹಂಡೆಗಳು ಬರುವ ಮೊದಲು ರಸಕ್ಕೆ ಬರ್ಚ್ ಮರದ ತೊಗಟೆಯ ಪಾತ್ರೆಗಳನ್ನು ಬಳಸುತ್ತಿದ್ದರು. ತೊಗಟೆಯ ಪಾತ್ರೆಗೆ ನೀರು ತುಂಬಿ ಕೆಂಡದ ಮೇಲಿಟ್ಟರೆ, ನೀರು ತಾಗಿರುವ ಮಟ್ಟದವರೆಗೆ ತೊಗಟೆ ಉರಿಯುವುದಿಲ್ಲ, ಅದಕ್ಕಿಂತ ಮೇಲಿನ ಒಣ ಅಂಚು ಉರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಪ್ಯಾನ್ ಕೊಂಡವರಿಗೂ ನಿಯಮ ಅದೇ.

ಸಂಖ್ಯೆಗಳನ್ನು ಸ್ವಲ್ಪ ಗಮನಿಸೋಣ. ಶುಗರ್ ಮೇಪಲ್ ಮರದ ರಸದಲ್ಲಿ ಸಾಮಾನ್ಯವಾಗಿ ಶೇ 2ರಷ್ಟು ಸಕ್ಕರೆ ಇರುತ್ತದೆ. ಸಿರಪ್ ಆಗುವ ಹೊತ್ತಿಗೆ ಅದು ಶೇ 66ನ್ನು ದಾಟಬೇಕು, ವರ್ಮಾಂಟಿನ ಕಾನೂನಿನ ಪ್ರಕಾರ ಕನಿಷ್ಠ 66.9 ಬ್ರಿಕ್ಸ್ (ತೂಕದಲ್ಲಿ ಸಕ್ಕರೆಯ ಶೇಕಡಾವಾರು ಅಳತೆ) ಇರಬೇಕು. ಒಂದು ಗ್ಯಾಲನ್ ಸಿರಪ್ಪಿಗೆ ಸುಮಾರು 40 ಗ್ಯಾಲನ್ ರಸ ಎಂಬ ಲೆಕ್ಕ ಬಂದದ್ದು ಇದರಿಂದಲೇ. ಸಿರಪ್ ಹದಕ್ಕೆ ಬಂದಾಗ ಅದರ ಕುದಿಬಿಂದು ಅಂದಿನ ನೀರಿನ ಕುದಿಬಿಂದುವಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್ ಮೇಲಿರುತ್ತದೆ, ಅಂದರೆ ಸಮುದ್ರಮಟ್ಟದಲ್ಲಿ 104 ಡಿಗ್ರಿಯ ಆಸುಪಾಸು. ಸಕ್ಕರೆ ಕ್ಯಾರಮೆಲ್ ಆಗತೊಡಗುವುದು ಸುಮಾರು 160 ಡಿಗ್ರಿಯಲ್ಲಿ. ಈ ಎರಡರ ನಡುವಿನ ಐವತ್ತು ಚಿಲ್ಲರೆ ಡಿಗ್ರಿಗಳ ಅಂತರವೇ ನಮ್ಮ ರಕ್ಷಣೆ, ಮತ್ತು ಅದನ್ನು ಕಾಯುತ್ತಿರುವುದು ಸಿರಪ್ಪಿನಲ್ಲಿ ಉಳಿದಿರುವ ಮೂರನೆಯ ಒಂದು ಪಾಲು ನೀರು.

ಆ ನೀರು ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಚಪ್ಪಟೆ ತಳದ ಪ್ಯಾನ್ ಜೋರು ಉರಿಯಲ್ಲಿ ಒಂದು ಚದರ ಅಡಿಗೆ ಗಂಟೆಗೆ ಹೆಚ್ಚುಕಡಿಮೆ ಒಂದು ಗ್ಯಾಲನ್, ಎಂದರೆ 3.8 ಲೀಟರ್ ನೀರನ್ನು ಆವಿ ಮಾಡುತ್ತದೆ. ಒಂದು ಚದರ ಅಡಿಯ ಮೇಲೆ ಒಂದು ಅಂಗುಲ ಆಳದ ರಸವಿದ್ದರೆ ಅದು 2.36 ಲೀಟರ್, ಹೊಸ ರಸ ಬಂದು ಸೇರದಿದ್ದರೆ ಅದು ಮುಗಿಯಲು ಮುಕ್ಕಾಲು ಗಂಟೆಯೂ ಬೇಕಿಲ್ಲ. ಅದೇ ಒಂದು ಅಂಗುಲ ಸಿರಪ್ ಆಗಿದ್ದರೆ ಅದರೊಳಗಿನ ನೀರು ಒಂದು ಲೀಟರಿನಷ್ಟು ಮಾತ್ರ, ಹಾಗಾಗಿ ಅದು ಪೂರ್ತಿ ಬತ್ತಲು ಕಾಲು ಗಂಟೆ ಸಾಕು. ಸೀಯುವುದಕ್ಕೆ ಪೂರ್ತಿ ಬತ್ತಬೇಕಾಗಿಯೂ ಇಲ್ಲ. ಆದ್ದರಿಂದ ಫೋನ್ ಕರೆ ಬಂತೆಂದು ಹತ್ತು ನಿಮಿಷ ಒಳಗೆ ಹೋಗಿ ಬರುವುದು ಬೆಳಗ್ಗೆ ರಸ ತುಂಬಿದ ಪ್ಯಾನಿನ ಮುಂದೆ ಸಲ್ಲುತ್ತದೆ, ಸಂಜೆ ಹದಕ್ಕೆ ಬಂದ ಪ್ಯಾನಿನ ಮುಂದೆ ಸಲ್ಲುವುದಿಲ್ಲ.

ರಸ ಬತ್ತಿಸುವ ಒಲೆ-ಪ್ಯಾನ್‌ಗಳ ಜೋಡಣೆಯಾದ ಇವಾಪೊರೇಟರಿನ ರಚನೆಯನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 1872ರಲ್ಲಿ ವರ್ಮಾಂಟಿನವರೊಬ್ಬರು ಎರಡು ಪ್ಯಾನ್‌ಗಳನ್ನು ಒಂದೇ ಒಲೆಯ ಮೇಲೆ ಕೂರಿಸಿದರು. 1889ರಲ್ಲಿ ಹಿಂದಿನ ಪ್ಯಾನಿನ ತಳದ ತಗಡನ್ನು ಮಡಿಕೆ ಮಡಿಕೆಯಾಗಿ ಬಗ್ಗಿಸಿ, ಬಿಸಿ ಹೊಗೆ ಆ ಮಡಿಕೆಗಳ ನಡುವೆ ಹಾಯುವಂತೆ ಮಾಡಲಾಯಿತು. ಇಂದಿಗೂ ವಿನ್ಯಾಸ ಅದೇ: ತಾಜಾ ರಸ, ಮಟ್ಟವನ್ನು ತಾನಾಗಿಯೇ ಕಾಯುವ ಫ್ಲೋಟ್ ಪೆಟ್ಟಿಗೆಯ ಮೂಲಕ ಹಿಂದಿನ ಪ್ಯಾನಿಗೆ ಬರುತ್ತದೆ, ಅಲ್ಲಿ ಸ್ವಲ್ಪ ಸಾಂದ್ರವಾಗಿ ಮುಂದಿನ ಪ್ಯಾನಿಗೆ ಇಳಿಯುತ್ತದೆ, ಮುಂದಿನ ಪ್ಯಾನಿನ ಕೋಣೆಗಳಲ್ಲಿ ಸುತ್ತಿ ಬಂದು ಕೊನೆಯ ಕೋಣೆಯ ನಲ್ಲಿಯಲ್ಲಿ ಸಿರಪ್ ಆಗಿ ಹೊರಬರುತ್ತದೆ. ಸೀಯುವ ಪ್ಯಾನ್ ಹತ್ತರಲ್ಲಿ ಒಂಬತ್ತು ಸಲ ಮುಂದಿನದೇ ಎಂದು ಅನುಭವಸ್ಥರು ಹೇಳುತ್ತಾರೆ. ಸಾಂದ್ರತೆ ಹೆಚ್ಚಿರುವುದೂ ಬೆಂಕಿ ನೇರವಾಗಿ ತಾಗುವುದೂ ಅಲ್ಲಿಯೇ.

ರಸದ ಹರಿವು ನಿಲ್ಲುವುದು ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ, ಮತ್ತು ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೇಲಿನ ಟ್ಯಾಂಕು ಖಾಲಿಯಾಗುತ್ತದೆ, ರಾತ್ರಿಯ ಚಳಿಗೆ ಕೊಳವೆಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಫ್ಲೋಟಿನ ಸನ್ನೆಗೆ ಗಸಿ ಮೆತ್ತಿ ಅದು ಸಿಕ್ಕಿಕೊಳ್ಳುತ್ತದೆ. ಸೌದೆ ತುಂಬುವಾಗಲೆಲ್ಲ ಟ್ಯಾಂಕಿನ ಮಟ್ಟ ನೋಡುವ, ಫ್ಲೋಟನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡುವ ರೂಢಿ ಇಟ್ಟುಕೊಂಡರೆ ಇದರಲ್ಲಿ ಹೆಚ್ಚಿನದು ತಪ್ಪುತ್ತದೆ. ಪ್ಯಾನಿನ ಪಕ್ಕದಲ್ಲಿ ಯಾವಾಗಲೂ ಒಂದು ಬಕೆಟ್ ರಸ ಇರಬೇಕು, ಅದನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟಬಾರದು.

ನೊರೆಯ ವಿಷಯ ಇದಕ್ಕಿಂತ ಸೂಕ್ಷ್ಮ. ರಸ ಉಕ್ಕಿ ಹೊರಚೆಲ್ಲುವುದು ಮಾತ್ರವೇ ನೊರೆಯ ಅಪಾಯ ಎಂದು ಹೊಸಬರು ತಿಳಿಯುತ್ತಾರೆ. ಆದರೆ ನೊರೆ ಏರಿದಾಗ ಪ್ಯಾನಿನಲ್ಲಿದ್ದ ದ್ರವವೇ ಗುಳ್ಳೆಗಳ ಗೋಡೆಯಾಗಿ ಮೇಲೆದ್ದಿರುತ್ತದೆ. ಮೇಲಿನಿಂದ ಪ್ಯಾನ್ ತುಂಬಿ ತುಳುಕುತ್ತಿರುವಂತೆ ಕಂಡರೂ ಕೆಳಗೆ ಲೋಹವನ್ನು ತಣಿಸಲು ಸಾಕಷ್ಟು ದ್ರವ ಇರುವುದಿಲ್ಲ. ನೊರೆ ಇಳಿಸಲು ಇಲ್ಲಿನವರು ಹಿಂದೆ ಬೆಣ್ಣೆಯನ್ನೋ ಕೆನೆಯನ್ನೋ ಹಾಕುತ್ತಿದ್ದರು, ಈಗ ಎಣ್ಣೆಯ ಹನಿಯನ್ನು ಅಥವಾ ಅದಕ್ಕೆಂದೇ ತಯಾರಾದ ದ್ರವವನ್ನು ಬಳಸುತ್ತಾರೆ. ಮಂಡ್ಯದ ಕಡೆ ಆಲೆಮನೆ ಕಂಡವರಿಗೆ ಇದು ಹೊಸದಲ್ಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಉಕ್ಕಿ ಬಂದಾಗ ಅಲ್ಲಿ ಹರಳೆಣ್ಣೆ ಬಿಡುವುದು ಇದೇ ಕಾರಣಕ್ಕೆ. ಪ್ರಮಾಣ ಮಾತ್ರ ಹನಿಗಳಲ್ಲಿರಬೇಕು, ಮತ್ತು ಅದನ್ನು ರಸ ಒಳಬರುವ ಕಡೆ, ಕ್ರಮವಾದ ಅಂತರದಲ್ಲಿ ಹಾಕಬೇಕು. ಮುಂದಿನ ಪ್ಯಾನಿಗೆ ಒಮ್ಮೆಲೇ ಸುರಿದರೆ ಸಿರಪ್ಪಿಗೆ ಎಣ್ಣೆಯ ರುಚಿ ಬರುವುದಲ್ಲದೆ, ಕೋಣೆಯಿಂದ ಕೋಣೆಗೆ ಏರುತ್ತಾ ಬಂದ ಸಾಂದ್ರತೆಯ ಕ್ರಮವೂ ಕಲಸಿಹೋಗುತ್ತದೆ. ಹಾಲಿನ ಅಲರ್ಜಿ ಇರುವವರಿಗೆ ಸಿರಪ್ ಕೊಡುವವರು ಬೆಣ್ಣೆಯನ್ನು ಬಿಡುವುದು ಲೇಸು.

ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಗಸಿಯ ಬಳಿ. ಮೇಪಲ್ ರಸದಲ್ಲಿ ಸಕ್ಕರೆಯ ಜೊತೆಗೆ ಕ್ಯಾಲ್ಸಿಯಂ ಇದೆ, ಮ್ಯಾಲಿಕ್ ಆಮ್ಲವಿದೆ. ನೀರು ಕಡಿಮೆಯಾದಂತೆಲ್ಲ ಇವೆರಡೂ ಸೇರಿ ಕ್ಯಾಲ್ಸಿಯಂ ಮ್ಯಾಲೇಟ್ ಎಂಬ ಲವಣವಾಗಿ ಕರಗದೆ ಬೇರ್ಪಡುತ್ತವೆ. ಶುಗರ್‌ಹೌಸ್‌ಗಳಲ್ಲಿ ಇದನ್ನು ನೈಟರ್ ಎಂದೂ ಶುಗರ್ ಸ್ಯಾಂಡ್ ಎಂದೂ ಕರೆಯುತ್ತಾರೆ. ತಣ್ಣಗಾದ ಪ್ಯಾನಿನ ಕೊನೆಯ ಕೋಣೆಯ ತಳವನ್ನು ಬೆರಳಿನಿಂದ ಸವರಿ ನೋಡಿ: ಕಾಯಿಸಲು ತೊಡಗಿ ಸ್ವಲ್ಪ ಹೊತ್ತಿಗೆ ಅದು ಕಂದು ಬಣ್ಣದ ನುಣ್ಣನೆಯ ಹಿಟ್ಟಿನ ಹಾಗೆ ಬೆರಳಿಗೆ ಅಂಟುತ್ತದೆ, ಅದೇ ಪ್ಯಾನನ್ನು ಇನ್ನೂ ಕೆಲವು ಗಂಟೆ ಕಾಯಿಸಿದರೆ ಉಗುರಿನಿಂದ ಕೆರೆದರೂ ಬಾರದ ಗಟ್ಟಿ ಪದರವಾಗಿರುತ್ತದೆ, ಮೂಲೆಗಳಲ್ಲಿ ಮತ್ತು ಬೆಸುಗೆಯ ಗೆರೆಯ ಉದ್ದಕ್ಕೂ ಹೆಚ್ಚು ದಪ್ಪಗಿರುತ್ತದೆ. ಈ ಪದರ ಶಾಖವನ್ನು ಸಲೀಸಾಗಿ ಬಿಡುವುದಿಲ್ಲ. ಅದರ ಕೆಳಗಿನ ಲೋಹ ಬಿಸಿಯೇರುತ್ತಾ ಹೋಗುತ್ತದೆ, ಪದರದೊಳಗೆ ಸಿಕ್ಕಿಕೊಂಡ ಸಿರಪ್ ಹೊರಗಿನದರ ಜೊತೆ ಬೆರೆಯಲಾರದೆ ಅಲ್ಲಿಯೇ ಕರಕಾಗುತ್ತದೆ. ಆಳ ಸರಿಯಾಗಿದ್ದು, ಫ್ಲೋಟ್ ಸರಿಯಾಗಿದ್ದು, ನೊರೆಯೂ ಇಲ್ಲದಿದ್ದಾಗ ಪ್ಯಾನ್ ಸೀದರೆ, ಬಹುಮಟ್ಟಿಗೆ ಅದು ಈ ಗಸಿಯ ಕೆಲಸ.

ಇದಕ್ಕೆ ಇರುವ ಉಪಾಯಗಳಲ್ಲಿ ನನಗೆ ಅತ್ಯಂತ ಜಾಣತನದ್ದೆಂದು ತೋರುವುದು ಹರಿವಿನ ದಿಕ್ಕನ್ನು ಬದಲಿಸುವುದು. ಮುಂದಿನ ಪ್ಯಾನಿನ ಎರಡೂ ಪಕ್ಕಕ್ಕೆ ನಲ್ಲಿ ಇರುವ ವಿನ್ಯಾಸದಲ್ಲಿ, ಇಂದು ಎಡಗಡೆಯಿಂದ ಸಿರಪ್ ತೆಗೆದರೆ ನಾಳೆ ಬಲಗಡೆಯಿಂದ ತೆಗೆಯುತ್ತಾರೆ. ನಿನ್ನೆ ಗಸಿ ಕಟ್ಟಿದ ಕೋಣೆಗೆ ಇಂದು ತೆಳುವಾದ ರಸ ಹರಿದು, ಕಟ್ಟಿದ್ದರಲ್ಲಿ ಒಂದಷ್ಟನ್ನು ಮತ್ತೆ ಕರಗಿಸಿಕೊಳ್ಳುತ್ತದೆ. ದೊಡ್ಡ ಘಟಕಗಳಲ್ಲಿ ಒಂದು ಪ್ಯಾನನ್ನು ತೆಗೆದು ತೊಳೆಯಲು ಹಾಕಿ ಇನ್ನೊಂದನ್ನು ಕೂರಿಸುವ ವ್ಯವಸ್ಥೆ ಇರುತ್ತದೆ. ಕಾಯಿಸುವ ಮೊದಲೇ ರಸದ ನೀರನ್ನು ಪೊರೆಯ ಮೂಲಕ ಬೇರ್ಪಡಿಸುವ ರಿವರ್ಸ್ ಆಸ್ಮೋಸಿಸ್ ಯಂತ್ರ ಇಟ್ಟುಕೊಂಡವರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ಶೇ 2ರ ರಸವನ್ನು ಯಂತ್ರದಲ್ಲಿ ಶೇ 8ಕ್ಕೆ ಏರಿಸಿದರೆ ಮುಕ್ಕಾಲು ಪಾಲು ನೀರು ಬೆಂಕಿಯ ಹಂಗಿಲ್ಲದೆ ಹೋಗುತ್ತದೆ, ಸೌದೆ ಉಳಿಯುತ್ತದೆ, ನಿಜ. ಆದರೆ ಖನಿಜಗಳೂ ಸಕ್ಕರೆಯ ಜೊತೆಗೇ ಸಾಂದ್ರವಾಗಿ ಬರುವುದರಿಂದ ಪ್ಯಾನಿನಲ್ಲಿ ಗಸಿ ಕಟ್ಟುವ ವೇಗ ಹೆಚ್ಚುತ್ತದೆ, ಸಿರಪ್ ಹದಕ್ಕೆ ಬರುವ ವೇಗವೂ ಹೆಚ್ಚುತ್ತದೆ. ಯಂತ್ರ ಕೊಂಡ ಮೊದಲ ವರ್ಷ ಹಳೆಯ ಅಂದಾಜಿನ ಮೇಲೆಯೇ ಪ್ಯಾನ್ ತೊಳೆಯುತ್ತಾ ಹೋದವರಿಗೆ ಕಷ್ಟ ಬರುವುದು ಹೀಗೆ.

ಇನ್ನೊಂದು ಕಾರಣವನ್ನು ಪುಸ್ತಕ ಓದಿ ಕಲಿತವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಥರ್ಮಾಮೀಟರ್ ಇರುವುದು ನಲ್ಲಿಯ ಬಳಿ, ನಮ್ಮ ಕಣ್ಣೂ ಅಲ್ಲಿಯೇ. ಸೌದೆಯನ್ನು ಒಂದೇ ಬದಿಗೆ ಒಟ್ಟಿದಾಗ, ಇಲ್ಲವೆ ಸಿರಪ್ ತೆಗೆಯುವುದನ್ನು ತಡ ಮಾಡಿದಾಗ, ನಡುವಿನ ಯಾವುದೋ ಕೋಣೆಯಲ್ಲಿ ಪಾಕ ಮೊದಲೇ ಹದಕ್ಕೆ ಬಂದುಬಿಡುತ್ತದೆ. ಅಲ್ಲಿ ಅಳೆಯುವವರು ಯಾರೂ ಇರುವುದಿಲ್ಲ. ಅದನ್ನು ಗುರುತಿಸುವುದು ಗುಳ್ಳೆಗಳಿಂದ. ರಸದ ಗುಳ್ಳೆ ಚುರುಕು, ಬಿಳಿ. ಸಿರಪ್ಪಿನ ಗುಳ್ಳೆ ಹೊನ್ನಿನ ಬಣ್ಣದ್ದು, ಒಂದರ ಮೇಲೊಂದು ಏರಿ ನಿಧಾನವಾಗಿ ಒಡೆಯುತ್ತದೆ. ನಡುವಿನ ಕೋಣೆಯಲ್ಲಿ ಅಂಥ ಗುಳ್ಳೆ ಕಂಡರೆ ಆ ಜಾಗಕ್ಕೇ ಅರ್ಧ ಸೌಟು ರಸ ಹಾಕಿ, ಉರಿಯನ್ನು ಸಮವಾಗಿ ಹರಡಿ. ಥರ್ಮಾಮೀಟರನ್ನೂ ಕುರುಡಾಗಿ ನಂಬುವಂತಿಲ್ಲ. ವಾಯುಭಾರ ಇಳಿದ ದಿನ ನೀರೇ 99 ಡಿಗ್ರಿಯಲ್ಲಿ ಕುದಿಯಬಹುದು. ಅಂದು 104ಕ್ಕಾಗಿ ಕಾಯುತ್ತಾ ಕುಳಿತರೆ ಪಾಕ ಹದ ಮೀರಿರುತ್ತದೆ. ಬೆಳಗ್ಗೆ ಕುದಿಯುವ ನೀರಿನಲ್ಲಿ ಥರ್ಮಾಮೀಟರನ್ನು ಅದ್ದಿ ಅಂದಿನ ನೀರಿನ ಕುದಿಬಿಂದುವನ್ನು ಗುರುತು ಮಾಡಿಕೊಳ್ಳಬೇಕು, ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ತಾಳೆ ನೋಡಬೇಕು.

ಇಲ್ಲಿ ಕುಳಿತಿರುವವರಲ್ಲಿ ಹಲವರು ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್ ಕಡೆ ಮನೆ ಮಾಡಿಕೊಂಡು, ಹಿತ್ತಲಿನ ನಾಲ್ಕಾರು ಮರಗಳಿಗೆ ಬಕೆಟ್ ಕಟ್ಟಿದವರು. ನಿಮ್ಮಲ್ಲಿ ಇವಾಪೊರೇಟರ್ ಇರುವುದಿಲ್ಲ. ಕಾಂಕ್ರೀಟ್ ಬ್ಲಾಕುಗಳ ಒಲೆ, ಅದರ ಮೇಲೆ ಹೋಟೆಲಿನವರು ಅನ್ನ-ಪಲ್ಯ ಇಡುವಂಥ ಸ್ಟೀಲಿನ ಆಯತಾಕಾರದ ಟ್ರೇಗಳು ಇರುತ್ತವೆ. ಆ ಟ್ರೇಗಳ ತಗಡು ತೆಳು, ಆದ್ದರಿಂದ ಎರಡು ಅಂಗುಲಕ್ಕಿಂತ ಕಡಿಮೆ ಆಳಕ್ಕೆ ಇಳಿಯಲು ಬಿಡಬೇಡಿ. ಕೊನೆಯ ಹದವನ್ನು ಹೊರಗಿನ ಸೌದೆ ಬೆಂಕಿಯ ಮೇಲೆ ನೋಡುವ ಸಾಹಸ ಬೇಡ. ಪಾಕ ಇನ್ನೂ ನೀರಾಗಿರುವಾಗಲೇ ಇಳಿಸಿ, ಸೋಸಿ, ಅಡುಗೆಮನೆಯ ಗ್ಯಾಸಿನ ಮೇಲೆ ಮುಗಿಸಿ. ಅಲ್ಲಿಯೂ ಅಗಲವಾದ ಬಾಣಲೆಯನ್ನಲ್ಲ, ಕಿರಿದಾದ, ದಪ್ಪ ತಳದ, ಎತ್ತರದ ಪಾತ್ರೆಯನ್ನು ಆರಿಸಿಕೊಳ್ಳಿ. ಅಷ್ಟೇ ಪಾಕ ಕಿರಿದಾದ ಪಾತ್ರೆಯಲ್ಲಿ ಆಳವಾಗಿ ನಿಲ್ಲುತ್ತದೆ, ಥರ್ಮಾಮೀಟರಿನ ತುದಿಯೂ ಮುಳುಗಿರುತ್ತದೆ.

ಕೆಲಸ ಮುಗಿದ ಮೇಲೆಯೂ ಪ್ಯಾನ್ ಸೀಯುತ್ತದೆ. ಸೌದೆ ಹಾಕುವುದನ್ನು ನಿಲ್ಲಿಸಿದರೂ ಕೆಂಡವೂ ಒಲೆಯ ಇಟ್ಟಿಗೆಗಳೂ ಬಹಳ ಹೊತ್ತು ಶಾಖ ಕೊಡುತ್ತಲೇ ಇರುತ್ತವೆ. ಟ್ಯಾಂಕಿನಲ್ಲಿ ಒಂದಿಷ್ಟು ರಸ ಉಳಿದಿರುವಾಗಲೇ ಉರಿ ಇಳಿಸಿ, ಪ್ಯಾನ್‌ಗಳನ್ನು ಎಂದಿಗಿಂತ ಹೆಚ್ಚು ಆಳಕ್ಕೆ ತುಂಬಿ, ಕುದಿ ಪೂರ್ತಿ ನಿಂತ ಮೇಲೆಯೇ ಬಾಗಿಲು ಹಾಕಿಕೊಂಡು ಹೊರಡಬೇಕು. ಟ್ಯಾಂಕಿನ ಕೊನೆಯ ಹನಿಯವರೆಗೂ ಕಾಯಿಸಬೇಕೆಂಬ ಆಸೆಗೆ ಬಲಿಯಾದ ಪ್ಯಾನ್‌ಗಳು ಕಡಿಮೆಯಲ್ಲ.

ಇಷ್ಟೆಲ್ಲ ಆದರೂ ಒಂದು ದಿನ ಸೀದ ವಾಸನೆ ಬಂದೇ ಬರುತ್ತದೆ. ನಮ್ಮ ಊರಿನ ಒಂದು ಶುಗರ್‌ಹೌಸ್‌ನಲ್ಲಿ ನಾನು ನೋಡುತ್ತಿದ್ದಂತೆಯೇ ಆದದ್ದನ್ನು ಹೇಳುತ್ತೇನೆ. ಮೊದಲು ಬಂದದ್ದು ಹಿತವಾದ ಕ್ಯಾರಮೆಲ್ ಪರಿಮಳ. ನಿಂತಿದ್ದವರೆಲ್ಲ ಅದನ್ನು ಮೆಚ್ಚಿ ಮಾತನಾಡುತ್ತಿರುವಾಗಲೇ ನಲ್ಲಿಯ ಪಕ್ಕದ ಮೂಲೆಯಲ್ಲಿ ಕಡುಕಪ್ಪು ದಾರದಂಥದ್ದೊಂದು ತಳದಿಂದ ಎದ್ದು ಹೊಂಬಣ್ಣದ ಗುಳ್ಳೆಗಳ ನಡುವೆ ಸುತ್ತಿತು, ಅದರ ಹಿಂದೆಯೇ ಬಿಳಿ ಆವಿಯ ಬದಲು ನೀಲಿ ಹೊಗೆ ಬಂತು. ಒಲೆಯ ಮುಂದಿದ್ದ ಹಿರಿಯರು ಒಂದು ಮಾತೂ ಆಡದೆ ಬಕೆಟ್ ಎತ್ತಿ ಆ ಕೋಣೆಗೆ ರಸ ಸುರಿದರು, ಅವರ ಮಗ ಗಾಳಿಯ ಕಿಂಡಿ ಮುಚ್ಚಿದ. ತಳದಲ್ಲಿ ಇನ್ನೂ ದ್ರವ ಇದ್ದದ್ದರಿಂದ ಅಂದು ಕೋಡುಬಳೆಯಷ್ಟು ಅಗಲದ ಕಲೆಯೊಂದಿಗೆ ಪ್ಯಾನ್ ಉಳಿಯಿತು.

ದ್ರವ ಇದ್ದದ್ದರಿಂದ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ತಳ ಪೂರ್ತಿ ಒಣಗಿ, ಕಪ್ಪಗಾಗಿ, ಹೊಗೆಯಾಡುತ್ತಿರುವ ಪ್ಯಾನಿಗೆ ತಣ್ಣನೆಯ ರಸವನ್ನೋ ನೀರನ್ನೋ ಸುರಿಯಬಾರದು. ಬಿಸಿ ಆವಿಯೂ ಅಂಟುವ ಸಕ್ಕರೆಯೂ ಮುಖಕ್ಕೆ ಸಿಡಿಯುತ್ತವೆ, ತಗಡು ಸೊಟ್ಟಗಾಗುತ್ತದೆ, ಬೆಸುಗೆ ಬಿಡುತ್ತದೆ. ಆಗ ಮಾಡಬೇಕಾದದ್ದು ಬೆಂಕಿಯ ವಿಚಾರ. ಗ್ಯಾಸ್ ಅಥವಾ ಎಣ್ಣೆಯ ಬರ್ನರ್ ಆದರೆ ಆರಿಸಿದರಾಯಿತು. ಸೌದೆಯ ಒಲೆಯಾದರೆ ಕೆಳಗಿನ ಗಾಳಿ ನಿಲ್ಲಿಸಿ, ಸಾಧ್ಯವಿದ್ದಷ್ಟು ಸೌದೆಯನ್ನು ಕಬ್ಬಿಣದ ಕೋಲಿನಿಂದ ಆ ಪ್ಯಾನಿನ ಅಡಿಯಿಂದ ಸರಿಸಬೇಕು. ಹಿತ್ತಲಿನ ಸಣ್ಣ ಟ್ರೇಯಾದರೆ ದಪ್ಪ ಕೈಗವಸು ತೊಟ್ಟ ಇಬ್ಬರು ಸೇರಿ ಅದನ್ನು ಒಲೆಯಿಂದ ಎತ್ತಿ ಬದಿಗಿಡುವುದೇ ಸುಲಭ. ಮಕ್ಕಳನ್ನು ಮೊದಲು ದೂರ ಕಳಿಸಿ. ಬಿಸಿ ಪಾಕ ಮೈಮೇಲೆ ಬಿದ್ದರೆ ನೀರಿನ ಹಾಗೆ ಜಾರಿಹೋಗುವುದಿಲ್ಲ, ಅಂಟಿಕೊಂಡು ಸುಡುತ್ತದೆ.

ಪ್ಯಾನಿನಲ್ಲಿ ಉಳಿದ ಸಿರಪ್ಪನ್ನು ಏನು ಮಾಡುವುದೆಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಸೀದ ರುಚಿಯನ್ನು ತೆಗೆಯುವ ಸೋಸುಬಟ್ಟೆ ಇಲ್ಲ. ಒತ್ತಡದಿಂದ ಸೋಸುವ ಫಿಲ್ಟರ್ ಪ್ರೆಸ್ಸಿನಲ್ಲಿ ಹಾಯಿಸಿದರೆ ಕಪ್ಪು ಚೂರುಗಳು ಹೋಗುತ್ತವೆ, ಕಹಿ ಹೋಗುವುದಿಲ್ಲ. ಒಳ್ಳೆಯ ಸಿರಪ್ಪಿಗೆ ಬೆರೆಸಿ ಮರೆಸಬಹುದೆಂದು ಯೋಚಿಸುವವರಿಗೆ ನಾನು ಹೇಳುವುದಿಷ್ಟು: ಒಂದು ಗ್ಯಾಲನ್ ಕೆಟ್ಟದ್ದು ಹತ್ತು ಗ್ಯಾಲನ್ ಕೆಟ್ಟದ್ದಾಗುತ್ತದೆ. ಕಡುಬಣ್ಣದ ಸಿರಪ್ ಬೇರೆ, ಸೀದ ಸಿರಪ್ ಬೇರೆ. ಕಡುಬಣ್ಣದ್ದಕ್ಕೆ ಅದರದೇ ಆದ ದರ್ಜೆಯೂ ಗಿರಾಕಿಗಳೂ ಇದ್ದಾರೆ, ಸೀದದ್ದನ್ನು ಆ ಹೆಸರಿನಲ್ಲಿ ಮಾರುವುದು ಮೋಸ. ಆ ಕೋಣೆಯದನ್ನು ಬೇರೆ ಪಾತ್ರೆಗೆ ಬಸಿದು, ತಣ್ಣಗಾದ ಮೇಲೆ ರುಚಿ ನೋಡಿ ತೀರ್ಮಾನಿಸಿ. ಬಿಸಿಯಿರುವಾಗ ನಾಲಗೆಗೆ ಸಿಹಿಯೇ ಮುಂದಾಗಿ ಕಹಿ ಮರೆಯಾಗುತ್ತದೆ.

ಇನ್ನು ಪ್ಯಾನ್ ತೊಳೆಯುವ ವಿಷಯ. ಅದು ತಾನಾಗಿಯೇ ತಣಿಯಲಿ. ಸೀದ ತಳದಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ ಎಂಬುದನ್ನು ನೆನಪಿಟ್ಟುಕೊಂಡರೆ ಕೈಯ ಶ್ರಮ ಅರ್ಧ ಉಳಿಯುತ್ತದೆ: ಮೇಲೆ ಕರಕಾದ ಸಕ್ಕರೆ, ಅದರ ಅಡಿಯಲ್ಲಿ ಲೋಹಕ್ಕೆ ಕಚ್ಚಿಕೊಂಡ ಗಸಿ. ಕರಕು ಆಮ್ಲಕ್ಕೆ ಜಗ್ಗುವುದಿಲ್ಲ, ಗಸಿ ಸೋಡಕ್ಕೆ ಜಗ್ಗುವುದಿಲ್ಲ. ಆದ್ದರಿಂದ ಮೊದಲು ಬಿಸಿನೀರು ತುಂಬಿ ಅಡುಗೆ ಸೋಡ ಹಾಕಿ ಸಣ್ಣಗೆ ಕಾಯಿಸಿ, ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಗ್ಗೆ ಮರದ ಅಥವಾ ಪ್ಲಾಸ್ಟಿಕ್ಕಿನ ಹಲಗೆಯಿಂದ ತಳ್ಳಿದರೆ ಕರಕು ಹಕ್ಕಳೆಯಾಗಿ ಏಳುತ್ತದೆ, ಏಳದಿದ್ದಲ್ಲಿ ಅದನ್ನೇ ಇನ್ನೊಮ್ಮೆ ಮಾಡಬೇಕು. ಚೆನ್ನಾಗಿ ಜಾಲಿಸಿದ ಮೇಲೆ ಅಂಗಡಿಯ ಬಿಳಿ ವಿನೆಗರನ್ನು ತಳ ಮುಚ್ಚುವಷ್ಟು ಹಾಕಿ, ಬೆಚ್ಚಗೆ ಮಾಡಿ ಬಿಟ್ಟರೆ ಗಸಿ ಕರಗುತ್ತದೆ. ಸೋಡವನ್ನೂ ವಿನೆಗರನ್ನೂ ಒಟ್ಟಿಗೆ ಹಾಕುವುದು ಬುರುಗು ನೋಡಿ ಸಂತೋಷಪಡಲು ಮಾತ್ರ ಆದೀತು. ಒಂದು ಇನ್ನೊಂದನ್ನು ತಟಸ್ಥಗೊಳಿಸಿ ಎರಡೂ ವ್ಯರ್ಥವಾಗುತ್ತವೆ. ಕೊನೆಗೆ ಉಳಿಯುವ ಕಂದು ನೆರಳಿಗೆ ಆಕ್ಸಾಲಿಕ್ ಆಮ್ಲ ಇರುವ ಪಾತ್ರೆ ಪುಡಿ ಸಾಕು, ಅದನ್ನು ಕೈಗವಸು ಹಾಕಿಕೊಂಡು ಬಳಸಿ, ಹಲವು ಸಲ ನೀರಿನಲ್ಲಿ ತೊಳೆಯಿರಿ.

ಕೆಲವನ್ನು ಮಾಡಲೇಬಾರದು. ಉಕ್ಕಿನ ನಾರಿನಿಂದ ಉಜ್ಜಿದರೆ ಬೀಳುವ ಗೀರುಗಳಲ್ಲಿ ಮುಂದಿನ ವಾರದ ಗಸಿ ಬೇರುಬಿಡುತ್ತದೆ. ಬ್ಲೀಚ್, ಕಟ್ಟಡದ ಕೆಲಸದ ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಮ್ಲ ಇವು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಣ್ಣ ಸಣ್ಣ ಕುಳಿಗಳನ್ನು ಕೊರೆಯುತ್ತವೆ. ಬ್ಲೀಚಿಗೆ ಯಾವುದೇ ಆಮ್ಲ ಸೇರಿದರೆ ಏಳುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ. ಅಲ್ಯುಮಿನಿಯಂ ಪಾತ್ರೆಗೆ ಬಟ್ಟೆ ಸೋಡದಂಥ ತೀಕ್ಷ್ಣ ಕ್ಷಾರ ಹಾಕಿದರೆ ಲೋಹವೇ ತಿನ್ನಿಸಿಕೊಳ್ಳುತ್ತದೆ.

ಸೀದ ಪ್ಯಾನನ್ನು ಮತ್ತೆ ಒಲೆಗೆ ಏರಿಸುವ ಮುನ್ನ ಸಮತಟ್ಟಾದ ಜಾಗದಲ್ಲಿಟ್ಟು ಅಂಗುಲದಷ್ಟು ನೀರು ತುಂಬಿ, ಅಡಿಪಟ್ಟಿಯಿಂದ ಆಳವನ್ನು ನಾಲ್ಕೂ ಮೂಲೆಗಳಲ್ಲಿ, ನಡುವಿನಲ್ಲಿ ಅಳೆಯಿರಿ. ತಗಡು ಉಬ್ಬಿದ ಕಡೆ ಆಳ ಕಡಿಮೆ ಇರುತ್ತದೆ, ಮುಂದಿನ ಸಲ ಸೀಯುವ ಜಾಗ ಅದೇ. ಉಬ್ಬು ಸಣ್ಣದಾದರೆ ಇನ್ನು ಮುಂದೆ ಆಳವನ್ನು ಅರ್ಧ ಅಂಗುಲ ಹೆಚ್ಚಿಟ್ಟು ನಡೆಸಬಹುದು. ಅಡಿಯಲ್ಲಿ ಒಣ ಕಾಗದ ಹಾಸಿ ಒಂದು ರಾತ್ರಿ ಬಿಟ್ಟರೆ ಸೋರಿಕೆ ತಿಳಿಯುತ್ತದೆ. 1995ಕ್ಕಿಂತ ಹಿಂದೆ ತಯಾರಾದ, ಸಾಲ್ಡರ್ ಬೆಸುಗೆಯ ಪ್ಯಾನ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ, ಮತ್ತು ಸೀಸ-ತವರದ ಬೆಸುಗೆ 183 ಡಿಗ್ರಿಯಲ್ಲಿಯೇ ಕರಗತೊಡಗುತ್ತದೆ. ಅಂಥ ಹಳೆಯ ಪ್ಯಾನ್ ಒಮ್ಮೆ ಒಣಗಿ ಸೀದಿದ್ದರೆ ಅದನ್ನು ದುರಸ್ತಿ ಮಾಡಿಸುವ ಯೋಚನೆ ಬೇಡ. ಅದನ್ನು ಗುಜರಿಗೆ ಹಾಕಿ, ವೆಲ್ಡ್ ಮಾಡಿದ ಸ್ಟೇನ್‌ಲೆಸ್ ಪ್ಯಾನ್ ಕೊಳ್ಳಿ.